ಹಿರಿಯಳ ಆಹಾರಕ್ರಮ

ನಮ್ಮ ಮನೆಗೂ ಜಂತು ಸಾಹೇಬರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅದೂ ಒಂದೇ ಇಟ್ಟಿಗೆ ದಪ್ಪದ್ದು. ನಾನು ದರ್ಜಿ. ನನ್ನ ಹೊಲಿಗೆ ಮೆಷಿನ್ನು ಆ ಗೋಡೆಗೆ ಒತ್ತಿಕೊಂಡೇ ಇದೆ. ಆದ್ದರಿಂದ ನಾನು ಅವರ ಮನೆಯ ಮಾತು ಕದ್ದು ಕೇಳಿದೆ ಎಂಬ ಅಪವಾದ ಯಾರೂ ಹೊರಿಸಬಾರದು. ಕಿವಿಗೆ ಬೀಳಬಾರದು ಅಂತ ಎಷ್ಟೋ ಸಲ ಮೆಷಿನ್ನು ಜೋರಾಗಿ ತುಳಿದಿದ್ದೇನೆ. ಮುಖ್ಯವಾದ ಮಾತು ಬಂದಾಗ ಮಾತ್ರ ನಿಲ್ಲಿಸಿದ್ದೇನೆ, ಅಷ್ಟೆ.

ಜಂತು ಸಾಹೇಬರು ಮಾಯಾಜೀವಿ ಸಂರಕ್ಷಣಾ ಇಲಾಖೆಯಲ್ಲಿ ವೀಕ್ಷಕರು. ಮಾಯಾಜೀವಿಗಳು ಇವೆ ಅಂತ ಎಲ್ಲರಿಗೂ ಗೊತ್ತು. ಹಳೇ ಕಟ್ಟಡಗಳ ಮೆಟ್ಟಿಲ ಕೆಳಗೆ ಓಡಾಡುವ ಎರಡು ನೆರಳಿನ ಬೆಕ್ಕು, ಬಾವಿಯೊಳಗೆ ಕೂತು ನಾವು ಕೂಗಿದ್ದಕ್ಕೆಲ್ಲ ತಪ್ಪು ಉತ್ತರ ಕೊಡುವ ಕಪ್ಪೆ, ಇವನ್ನು ಯಾರು ನೋಡಿಲ್ಲ? ಆದರೆ ಇವುಗಳ ಯೋಗಕ್ಷೇಮ ವಿಚಾರಿಸಲು ಒಂದು ಇಲಾಖೆ ಇದೆ, ಅಲ್ಲಿ ಹತ್ತು ಗಂಟೆಗೆ ಸರಿಯಾಗಿ ಹಾಜರಿ ಹಾಕಬೇಕು ಅಂದರೆ ಮಾತ್ರ ಜನ ನಗುತ್ತಾರೆ. ನಗುವವರು ನಗಲಿ. ಸಾಹೇಬರಿಗೆ ಅದೊಂದು ತಪಸ್ಸು. ಇಪ್ಪತ್ತೆರಡು ವರ್ಷಗಳಿಂದ ಅವರು ಮಾಯಾಜೀವಿಗಳನ್ನು ಹುಡುಕಿದ್ದಾರೆ, ಎಣಿಸಿದ್ದಾರೆ, ಕಾಪಾಡಿದ್ದಾರೆ. ಒಂದು ಸಲ ನಮ್ಮ ಹಿತ್ತಲಲ್ಲಿ ಇಡೀ ಮಧ್ಯಾಹ್ನ ಅಲುಗಾಡದೆ ಕೂತು, ಬೇಲಿಗೆ ಸಿಕ್ಕಿಕೊಂಡಿದ್ದ ತಮ್ಮದೇ ಟೋಪಿಯನ್ನು ಅಪರೂಪದ ಹಕ್ಕಿ ಅಂತ ಬಗೆದು ಅದರ ಚಿತ್ರ ಬರೆದುಕೊಂಡರು. ಚಿತ್ರವೇನೋ ಬಹಳ ಚೆನ್ನಾಗಿ ಬಂದಿತ್ತು.

ಮನುಷ್ಯ ಒಳ್ಳೆಯವರು. ಆದರೆ ತಲೆ ಒಂದು ಕಡೆ, ಕಾಲು ಒಂದು ಕಡೆ. ಹೆಂಡತಿಯ ಚಪ್ಪಲಿ ಹಾಕಿಕೊಂಡು ಕಚೇರಿಗೆ ಹೋಗಿ, ಸಂಜೆ ಬರುವಾಗ ಇನ್ಯಾರದೋ ಹೆಂಡತಿಯ ಚಪ್ಪಲಿ ಹಾಕಿಕೊಂಡು ಬಂದದ್ದುಂಟು. ಅವರಿಗೆ ಇದ್ದ ಒಂದೇ ಒಂದು ಗರ್ವ ಅಂದರೆ ತಮ್ಮ ಬರವಣಿಗೆಯದು. 'ನೋಡಿ ದರ್ಜಿಗಳೇ, ವಿಜ್ಞಾನದಲ್ಲಿ ದಾಕ್ಷಿಣ್ಯ ಇರಬಾರದು. ಕಂಡದ್ದನ್ನ ಕಂಡ ಹಾಗೇ ಬರೀಬೇಕು' ಅನ್ನುತ್ತಿದ್ದರು. ಅದಕ್ಕಾಗಿ ಗಟ್ಟಿ ರಟ್ಟಿನ, ಕೆಂಪು ಬಟ್ಟೆ ಬೆನ್ನಿನ ಒಂದು ನೋಟ್‌ಬುಕ್ ಇಟ್ಟಿದ್ದರು. ಅವರ ಹೆಂಡತಿ ಅಗಸನ ಲೆಕ್ಕಕ್ಕೆ ಅಂತ ತಂದಿದ್ದ ನೋಟ್‌ಬುಕ್ಕೂ ಅಂಥದ್ದೇ. ಎರಡೂ ಒಂದೇ ಅಂಗಡಿಯವು. ಎಡವಟ್ಟಿಗೆ ಇಷ್ಟು ಸಾಕಲ್ಲ.

ಆ ವರ್ಷ ಅವರ ಅತ್ತೆ, ಅಂದರೆ ಹೆಂಡತಿಯ ತಾಯಿ, ಕಣ್ಣಿನ ಆಪರೇಷನ್ನಿಗೆ ಅಂತ ಬಂದರು. ಹತ್ತು ದಿನ ಅಂದುಕೊಂಡದ್ದು ನಾಲ್ಕು ತಿಂಗಳಾಯಿತು. ಕಣ್ಣಿಗೆ ಪೊರೆ ಇತ್ತೇ ಹೊರತು ನಾಲಿಗೆಗೆ ಇರಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ಆಕೆ ಗೊಣಗಲು ಶುರುಮಾಡಿದರೆ, ಗೋಡೆಯ ಈಚೆ ನನಗೆ ಗಡಿಯಾರವೇ ಬೇಕಾಗಿರಲಿಲ್ಲ. ನೀರು ತಣ್ಣಗಿದ್ದರೆ 'ಮುದುಕಿಗೆ ಬಿಸಿನೀರಿನ ಯೋಗವೂ ಇಲ್ಲ' ಅನ್ನೋರು. ಬಿಸಿಯಾಗಿದ್ದರೆ 'ಸುಟ್ಟು ಸಾಯ್ಲಿ ಅಂತಾನೇ ಕಾಯಿಸಿದ್ದಾರೆ' ಅನ್ನೋರು. ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಧಗೆ. ಅಳಿಯನನ್ನು ಮಾತ್ರ ಬಹುವಚನ ಬಿಟ್ಟು ಬೈದವರಲ್ಲ. 'ಅಳಿಯಂದಿರು ದೊಡ್ಡ ವಿದ್ವಾಂಸರು ಕಣೇ. ಇಲ್ಲದ ಪ್ರಾಣಿಗೆ ಎಷ್ಟು ಕಾಲು ಅಂತ ಎಣಿಸಿ ಹೇಳ್ತಾರೆ. ಇರೋ ಬಕೆಟ್ಟಿಗೆ ತಳ ಇದೆಯೋ ಇಲ್ವೋ ನೋಡೋಕೆ ಅವರಿಗೆ ಪುರುಸೊತ್ತಿಲ್ಲ.'

ಸಾಹೇಬರು ಎಂದೂ ಎದುರಾಡಿದವರಲ್ಲ. ಮದುವೆಯಾಗಿ ಹನ್ನೊಂದು ವರ್ಷವೂ ತಲೆ ಕೆಳಗೆ ಹಾಕಿಕೊಂಡು 'ಹೌದು ಅತ್ತೆ' ಅಂತಲೇ ಬಂದಿದ್ದರು.

ಹೀಗಿರುವಾಗ ಒಂದು ದಿನ ಅತ್ತೆ ಮಲಗುವ ಮೂಲೆ ಕೋಣೆಯ ಬೀರುವಿನ ಮೇಲೆ ಸಾಹೇಬರು ಒಂದು ಮಸುಕಿಯನ್ನು ಕಂಡರು.

ಮಸುಕಿ ಅಂದರೆ ಏನು ಅಂತ ಹೇಳಬೇಕು. ಅಳಿಲಿಗಿಂತ ದೊಡ್ಡದು, ಬೆಕ್ಕಿಗಿಂತ ಚಿಕ್ಕದು. ಹೊಟ್ಟೆ ತುಂಬಿದ್ದರೆ ಮೈಯೆಲ್ಲ ನವಿಲಿನ ಕತ್ತಿನ ಬಣ್ಣ. ಹಸಿದರೆ ಮಸುಕು, ಇನ್ನೂ ಹಸಿದರೆ ಗಾಜು, ಅದಕ್ಕೂ ಮುಂದೆ ಏನೂ ಇಲ್ಲ. ಆದರೆ ಅದು ತಿನ್ನುವುದೇನು ಅಂತ ಇಲಾಖೆ ಹುಟ್ಟಿದಾಗಿನಿಂದ ಯಾರಿಗೂ ಗೊತ್ತಾಗಿಲ್ಲ. ಹಿಂದೆ ಐದು ಮಸುಕಿಗಳನ್ನು ಹಿಡಿದು ಬೆಟ್ಟದ ಮೇಲಿನ ರಕ್ಷಣಾಧಾಮದಲ್ಲಿ, ಸೀನಿದರೂ ಶಿಸ್ತುಕ್ರಮ ಅನ್ನುವಂಥ ಪ್ರಶಾಂತ ವಾತಾವರಣದಲ್ಲಿ ಇಟ್ಟರು. ಸೊಪ್ಪು, ಹಾಲು, ಹುಳ, ಜೇನು ಎಲ್ಲ ಕೊಟ್ಟರು. ಐದೂ ಒಂದು ವಾರದಲ್ಲಿ ಏನೂ ಇಲ್ಲವಾದವು. ಕೊನೆಯದನ್ನು ಮುಖ್ಯ ಕಚೇರಿಯಲ್ಲಿ ಗಾಜಿನ ಜಾಡಿಯಲ್ಲಿ ಇಟ್ಟಿದ್ದಾರೆ. ಜಾಡಿ ನೋಡಿದವರಿಗೆ ಖಾಲಿ. ಆದರೆ ಖಾಲಿ ಅಂತ ಬರೆದುಕೊಡಲು ಯಾವ ಅಧಿಕಾರಿಗೂ ಧೈರ್ಯವಿಲ್ಲ. ಪ್ರತಿ ಸೋಮವಾರ ಜವಾನ ಅದರ ಧೂಳು ಒರೆಸಿ, 'ಸುಸ್ಥಿತಿಯಲ್ಲಿದೆ' ಅಂತ ಸಹಿ ಹಾಕುತ್ತಾನೆ.

ಅಂಥ ಮಸುಕಿ ತಮ್ಮ ಮನೆಯಲ್ಲೇ, ಅದೂ ಪಳಪಳ ಹೊಳೆಯುತ್ತಾ ಕೂತಿರುವುದನ್ನು ಕಂಡರೆ ಸಾಹೇಬರ ಗತಿ ಏನಾಗಬೇಡ? ಆದರೆ ನಿಯಮ ಅಂದರೆ ನಿಯಮ. ದೊಡ್ಡ ಸಾಹೇಬರು ಬಂದು ಪರಿಶೀಲಿಸುವವರೆಗೆ ಮನೆಯವರಿಗೂ ತಿಳಿಸುವ ಹಾಗಿಲ್ಲ. ಬರೆಯುವಾಗಲೂ ಪ್ರಾಣಿಯ ಹೆಸರು ಹಾಕುವ ಹಾಗಿಲ್ಲ. ಹೆಸರು ಬೇಡ ಅಂದರೆ ಏನಂತ ಬರೆಯಬೇಕು? ಅದು ಹೆಣ್ಣು, ಮೀಸೆ ನರೆತಿದೆ, ವಯಸ್ಸಾಗಿದೆ. ಸಾಹೇಬರು ಬಹಳ ಯೋಚನೆ ಮಾಡಿ 'ಹಿರಿಯಳು' ಅಂತ ಇಟ್ಟರು. ಅದೇ ಮನೆಯಲ್ಲಿ, ಅದೇ ಕೋಣೆಯಲ್ಲಿ ಇನ್ನೊಬ್ಬ ಹಿರಿಯಳು ಇದ್ದಾಳೆ ಎಂಬುದು ಆ ತಲೆಗೆ ಹೊಳೆಯಲೇ ಇಲ್ಲ.

ಮೂರು ವಾರ ಬರೆದರು. ನಾಲ್ಕನೇ ವಾರದ ಒಂದು ಬುಧವಾರ ಅಗಸನ ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಕಚೇರಿಗೆ ಹೊರಟರು.

ಅಲ್ಲಿ ದೊಡ್ಡ ಸಾಹೇಬರ ಮುಂದೆ ಗಂಟಲು ಸರಿಮಾಡಿಕೊಂಡು ನೋಟ್‌ಬುಕ್ ತೆರೆದರಂತೆ. ಆರು ದಿಂಬಿನ ಚೀಲ, ಎರಡು ಲಂಗ, ಹರಿದ ಟವೆಲ್ ಒಂದು ಅಂತ ಇತ್ತು. ದೊಡ್ಡ ಸಾಹೇಬರು ಕನ್ನಡಕ ಏರಿಸಿ, 'ಇದೇನ್ರೀ, ಗುಪ್ತ ಭಾಷೇನಾ?' ಅಂದರು. ಇವರು ಬೆವರುತ್ತಾ 'ಹೌದು ಸಾರ್' ಅಂದುಬಿಟ್ಟರು. ದೊಡ್ಡ ಸಾಹೇಬರಿಗೆ ಬಹಳ ಮೆಚ್ಚಿಗೆಯಾಯಿತು. 'ಹರಿದ ಟವೆಲ್ ಅಂದ್ರೆ ಬಾಲ ಇರಬೇಕು' ಅಂತ ತಾವೇ ಬಿಡಿಸಿ, ಶನಿವಾರ ಬೆಳಗ್ಗೆ ಪೆಟ್ಟಿಗೆ ಸಮೇತ ಬರುತ್ತೇನೆ ಅಂದರು.

ಇತ್ತ ಮನೆಗೆ ಅಗಸ ಬಂದ. ಸಾಹೇಬರ ಹೆಂಡತಿ ಸ್ನಾನಕ್ಕೆ ಹೋಗಿದ್ದರು. ಅತ್ತೆಗೆ ಓದಲು ಇನ್ನೂ ಕಣ್ಣು ಕೂಡಿಬಂದಿರಲಿಲ್ಲ. 'ಲೆಕ್ಕ ಓದಮ್ಮ, ಈ ಅಗಸ ಹೋದ ಸಲ ಒಂದು ಹೊದಿಕೆ ನುಂಗಿದಾನೆ' ಅಂತ ನಮ್ಮವಳನ್ನು ಕರೆದರು. ನಮ್ಮವಳು ಓದಲು ಶುರುಮಾಡಿದರೆ ಪೂರ್ಣವಿರಾಮ ಬರುವವರೆಗೆ ಅರ್ಥಕ್ಕೆ ಕಾಯುವವಳಲ್ಲ. ನಾನು ಮೆಷಿನ್ನು ನಿಲ್ಲಿಸಿದೆ.

'ಹಿರಿಯಳು ಮೂಲೆ ಕೋಣೆಯನ್ನು ಪೂರ್ತಿಯಾಗಿ ವಶಪಡಿಸಿಕೊಂಡಿದ್ದಾಳೆ. ತಾನಾಗಿ ಹೊರಡುವ ಲಕ್ಷಣ ಕಾಣುತ್ತಿಲ್ಲ.'

ಆಚೆ ಕಡೆ ಅಗಸ ಒಮ್ಮೆ ಕೆಮ್ಮಿದ.

'ಇದು ಲೆಕ್ಕ ಅಲ್ಲ ಅನ್ನಿಸುತ್ತೆ ಅಮ್ಮ' ಅಂದಳು ನಮ್ಮವಳು.

'ಲೆಕ್ಕಾನೇ. ನನ್ನ ಲೆಕ್ಕ. ಮುಂದೆ ಓದು.'

'ಮೇಲ್ದುಟಿಯ ಮೇಲೆ ನರೆತ ಮೀಸೆ ಸ್ಪಷ್ಟವಾಗಿ ಕಾಣುತ್ತದೆ. ಹೊಟ್ಟೆ ಗುಂಡಗಿದೆ. ಆದರೆ ಯಾರ ಎದುರೂ ತಿನ್ನುವುದಿಲ್ಲ. ಕದ್ದು ತಿನ್ನುತ್ತಿರಬಹುದು.'

'ನಾನಾ! ನಾನು ಕದ್ದು...'

'ಮುಟ್ಟಲು ಹೋದರೆ ಕೆನ್ನೆ ಉಬ್ಬಿಸುತ್ತಾಳೆ. ಬಾಲ ಇನ್ನೂ ಕಂಡಿಲ್ಲ. ಸದಾ ಅದರ ಮೇಲೇ ಕೂತಿರುತ್ತಾಳೆ.'

'ಬಾಲ ಬೇರೆ ಹುಡುಕಿದ್ದಾರಾ ಅಳಿಯಂದಿರು!' ಅಂತ ಅತ್ತೆ ಕೂಗಿದ್ದು ಎದುರು ಬೀದಿಯ ಕ್ಷೌರಿಕನ ಅಂಗಡಿಗೂ ಕೇಳಿಸಿತಂತೆ. ಅಷ್ಟರಲ್ಲಿ ನೋಟ್‌ಬುಕ್ಕಿನಿಂದ ಒಂದು ಕಾಗದ ಜಾರಿ ಬಿತ್ತು. ಅಗಸನೇ ಎತ್ತಿಕೊಟ್ಟ. ಇಲಾಖೆಗೆ ಬರೆದ ಪತ್ರದ ನಕಲು. ನಮ್ಮವಳು ಅದನ್ನೂ ಓದಿದಳು. 'ಹಿರಿಯಳನ್ನು ಬೆಟ್ಟದ ಮೇಲಿನ ಧಾಮಕ್ಕೆ ಸಾಗಿಸಲು ಗಾಳಿಯಾಡುವ ಪೆಟ್ಟಿಗೆ ಒಂದು, ದಪ್ಪ ಕೈಗವಸು ಎರಡು ಜೊತೆ, ಮುಚ್ಚಿದ ವಾಹನ ಒಂದು ದಯಪಾಲಿಸಬೇಕು. ಮನೆಯವರಿಗೆ ವಿಷಯ ತಿಳಿಸಿಲ್ಲ. ಹೆಂಡತಿ ಗಾಬರಿಯಾಗಬಹುದು.'

ಅಗಸ ಆ ದಿನ ಬಟ್ಟೆ ತೆಗೆದುಕೊಂಡು ಹೋಗಲೇ ಇಲ್ಲ. ಸುದ್ದಿಯನ್ನು ಮಾತ್ರ ಮನೆ ಮನೆಗೆ ಮುಟ್ಟಿಸಿದ. ಸಂಜೆಯ ಹೊತ್ತಿಗೆ ಸಾಹೇಬರ ಹೆಂಡತಿ ತವರಿಗೆ ಫೋನ್ ಮಾಡಿ ತಮ್ಮನನ್ನು ಬರಹೇಳಿ ಆಗಿತ್ತು. ಅತ್ತೆ ಮಾತ್ರ ಯಾರೂ ಊಹಿಸದ ಕೆಲಸ ಮಾಡಿದರು. ಬಾಯಿ ಮುಚ್ಚಿಕೊಂಡರು.

ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಮನೆ ನಿಶ್ಶಬ್ದವಾಯಿತು. ಅಷ್ಟು ದಿನದ ರೂಢಿ ತಪ್ಪಿ ನನ್ನ ಹೊಲಿಗೆಯೇ ಸೊಟ್ಟಗಾಯಿತು. ಸಾಹೇಬರಿಗಾದರೋ ಪರಮಾನಂದ. ಹೆಂಡತಿ ತಟ್ಟೆಯನ್ನು ಎದುರಿಗೆ ಕುಕ್ಕಿ ಹೋದರೂ ಅರ್ಥವಾಗಲಿಲ್ಲ. ಗುರುವಾರ ಬೆಳಗ್ಗೆ ಬಾಗಿಲಲ್ಲಿ ಸಿಕ್ಕಾಗ, 'ನೋಡಿ ದರ್ಜಿಗಳೇ, ಮನೇಲಿ ಎಂಥಾ ಶಾಂತಿ! ನನ್ನ ಕೆಲಸಕ್ಕೆ ಇಂಥ ವಾತಾವರಣ ಬೇಕಿತ್ತು' ಅಂದರು.

ಶುಕ್ರವಾರ ಅದೇ ಬಾಗಿಲಲ್ಲಿ ಮುಖ ಬಾಡಿಸಿಕೊಂಡು ನಿಂತಿದ್ದರು. ಕಣ್ಣಲ್ಲಿ ನೀರು.

'ಹಿರಿಯಳು ಉಳಿಯೋ ಹಾಗೆ ಕಾಣಲ್ಲ' ಅಂದರು.

'ಯಾಕೆ? ಏನಾಯ್ತು?' ಅಂದೆ ನಾನು.

'ಎರಡು ದಿನದಿಂದ ಇಳಿದು ಹೋಗ್ತಿದಾಳೆ. ಆಚೆ ಕಡೆಯ ಗೋಡೆ ಮೈಯೊಳಗಿಂದ ಕಾಣಿಸ್ತಾ ಇದೆ. ಸೊಪ್ಪು ಇಟ್ಟೆ, ಮೂಸಲಿಲ್ಲ. ಜೇನು ಇಟ್ಟೆ. ಮಿಡತೆ ಕೂಡ ಹಿಡಿದು ತಂದೆ.'

'ಮಿಡತೇನಾ!'

'ರೆಕ್ಕೆ ಕಿತ್ತೇ ಕೊಟ್ಟೆ.'

'ಸ್ವಾಮಿ, ಡಾಕ್ಟರನ್ನ ಕರೀಬಾರದಾ?'

'ಪಶುವೈದ್ಯರನ್ನ ನಾಳೆ ದೊಡ್ಡ ಸಾಹೇಬರೇ ಕರ್ಕೊಂಡು ಬರ್ತಾರೆ. ಆದ್ರೆ ಅಷ್ಟರಲ್ಲಿ ಹೋಗಿಬಿಟ್ರೆ...' ಸಾಹೇಬರು ಕಣ್ಣು ಒರೆಸಿಕೊಂಡರು. 'ನಿಯಮದ ಪ್ರಕಾರ ಜಾಡಿಯಲ್ಲಿ ಇಡಬೇಕಾಗುತ್ತೆ.'

ನಾನು ಒಳಗೆ ಹೋಗಿ ಕೂತುಬಿಟ್ಟೆ. ನಮ್ಮವಳಿಗೆ ಹೇಳಿದೆ. ನಮ್ಮವಳು ಆ ಮನೆಗೆ ಹೋಗಿ ನೋಡಿ ಬಂದು, 'ಅಮ್ಮ ಚೆನ್ನಾಗೇ ಇದ್ದಾರೆ. ಗೋಡೆಗಿಡೆ ಏನೂ ಕಾಣಲ್ಲ. ಸಾಹೇಬರಿಗೇ ತಲೆ ಕೆಟ್ಟಿದೆ' ಅಂದಳು. ಎರಡರಲ್ಲಿ ಯಾವುದನ್ನು ನಂಬಬೇಕೋ ತಿಳಿಯದೆ ಎರಡನ್ನೂ ನಂಬಿದೆ.

ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಎರಡು ವಾಹನ ಒಟ್ಟಿಗೆ ಬಂದು ಬಾಗಿಲಿಗೆ ನಿಂತವು. ಒಂದರಿಂದ ಸಾಹೇಬರ ಭಾವಮೈದುನ ಇಳಿದ. ಅಗ್ನಿಶಾಮಕ ದಳದವನು, ಹೆಗಲು ಬೀರುವಿನಷ್ಟು ಅಗಲ. ಇನ್ನೊಂದರಿಂದ ದೊಡ್ಡ ಸಾಹೇಬರು, ಪಶುವೈದ್ಯರು, ಒಂದು ಪೆಟ್ಟಿಗೆ. ಪೆಟ್ಟಿಗೆ ದೊಡ್ಡದೇ ಇತ್ತು. ಕಚೇರಿಯಲ್ಲಿ ಇದ್ದದ್ದು ಅದೊಂದೇ ಅಂತೆ. ಒಬ್ಬ ಮನುಷ್ಯ ಮಡಿಚಿಕೊಂಡರೆ ಹಿಡಿಸುವಷ್ಟು. ಅಷ್ಟು ಹೊತ್ತಿಗೆ ಬೀದಿಯವರೆಲ್ಲ ಸೇರಿದ್ದರು. ನೆರೆಯವನಾದ್ದರಿಂದ ನಾನು ಮುಂದಿನ ಸಾಲಿನಲ್ಲಿದ್ದೆ.

ದೊಡ್ಡ ಸಾಹೇಬರು ಅವಸರದ ಮನುಷ್ಯ. ಕೈಗವಸು ಹಾಕಿಕೊಳ್ಳುತ್ತಲೇ, 'ಹಿರಿಯಳು ಎಲ್ರೀ?' ಅಂದರು.

'ಮೂಲೆ ಕೋಣೇಲಿ ಸಾರ್. ಬಹಳ ನಿಶ್ಶಕ್ತಿ.'

'ಕಚ್ತಾಳಾ?'

'ಇಲ್ಲಿವರೆಗೆ ಇಲ್ಲ ಸಾರ್. ಉಗುರು ಮಾತ್ರ ಚೂಪು.'

ಭಾವಮೈದುನನ ಮುಖ ಕೆಂಪಾಯಿತು. 'ಭಾವ! ನಮ್ಮಮ್ಮನ ಬಗ್ಗೆ ಏನು ಮಾತಾಡ್ತಿದೀರಾ?'

'ನಿಮ್ಮಮ್ಮನ ಬಗ್ಗೆ ಆಮೇಲೆ ಮಾತಾಡೋಣಪ್ಪ' ಅಂದರು ಸಾಹೇಬರು, ಅವನತ್ತ ತಿರುಗದೆ. 'ಈಗ ಸರ್ಕಾರಿ ಕೆಲಸ ಇದೆ.'

'ಹಲ್ಲು ಎಷ್ಟು ಉಳಿದಿವೆ?' ಅಂತ ಕೇಳಿದರು ಪಶುವೈದ್ಯರು.

'ಮುಂದಿನ ನಾಲ್ಕು.'

ಭಾವಮೈದುನ ಸಾಹೇಬರ ಕಾಲರ್ ಹಿಡಿದು ನೆಲದಿಂದ ಮೇಲಕ್ಕೆತ್ತಿದ. ಆ ಅಂಗಿ ನಾನೇ ಹೊಲಿದದ್ದು. ಕಾಲರ್ ಕಿತ್ತು ಬರಲಿಲ್ಲ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಸಾಹೇಬರು ಗಾಳಿಯಲ್ಲಿ ತೂಗುತ್ತಾ 'ಮೆಲ್ಲಗೆ, ಮೆಲ್ಲಗೆ, ಸದ್ದಾದ್ರೆ ಅವಳು ಹೆದರ್ತಾಳೆ' ಅಂದರು.

ಆಗ ಮೂಲೆ ಕೋಣೆಯ ಬಾಗಿಲು ತೆರೆಯಿತು. ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. ಕೈಯಲ್ಲಿ ಬಟ್ಟೆಯ ಗಂಟು, ಕಣ್ಣಿಗೆ ಆಪರೇಷನ್ನಿನ ಕಪ್ಪು ಕನ್ನಡಕ. ಪೆಟ್ಟಿಗೆಯನ್ನು ನೋಡಿದರು. ಕೈಗವಸು ನೋಡಿದರು. ಮೂರು ದಿನದಿಂದ ಕಟ್ಟೆ ಕಟ್ಟಿ ನಿಲ್ಲಿಸಿದ್ದು ಒಡೆಯಿತು.

'ಇಳಿಸೋ ಅವರನ್ನ ಕೆಳಗೆ! ಅಳಿಯಂದಿರು ಅಂದ್ರೆ ಅಳಿಯಂದಿರು. ಮೇಲೆತ್ತಿದರೆ ನನ್ನ ಮಾತು ಅವರಿಗೆ ಸರಿಯಾಗಿ ಕೇಳಿಸಲ್ಲ' ಅಂತ ಶುರುವಾಯಿತು. ಆಮೇಲೆ ಏನು ಬಿಟ್ಟರು ಅಂತ ಕೇಳಿ! ಮದುವೆಯಲ್ಲಿ ಮದುಮಗ ಬೇರೆ ಮಂಟಪಕ್ಕೆ ಹೋಗಿ ಕೂತದ್ದು, ಮೊದಲ ಸಲ ಮಾವನ ಮನೆಗೆ ಬಂದವರು ಮಾವನ ಕೊಡೆ ಹಿಡಿದುಕೊಂಡು ಹೋಗಿ ವಾಪಸು ಕೊಡದೆ ಇದ್ದದ್ದು, ತಳವಿಲ್ಲದ ಬಕೆಟ್ಟು, ಕಿರುಗುಟ್ಟುವ ಮಂಚ, ಆಪರೇಷನ್ನಿನ ದಿನ ಬೇರೆ ಯಾರೋ ಮುದುಕಿಯನ್ನು ಕೈಹಿಡಿದು ಮನೆಗೆ ಕರೆತಂದದ್ದು. 'ಆ ಪುಣ್ಯಾತ್ಗಿತ್ತಿ ಇಲ್ಲೇ ಊಟ ಮಾಡಿ ಹೋದಳು! ನಾನು ಆಸ್ಪತ್ರೆ ಬೆಂಚಿನ ಮೇಲೆ ಕಣ್ಣು ಕಟ್ಟಿಸ್ಕೊಂಡು ಕೂತಿದ್ದೆ! ಅಷ್ಟಾದರೂ ಹೊಟ್ಟೆಗೆ ಹಾಕ್ಕೊಂಡೆ. ಈಗ ನನಗೆ ಮೀಸೆ ಅಂತೆ! ಬಾಲ ಅಂತೆ! ಪೆಟ್ಟಿಗೇಲಿ ತುಂಬಿ ಬೆಟ್ಟಕ್ಕೆ ಕಳಿಸ್ತಾರಂತೆ!'

ಬೀದಿಯವರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಭಾವಮೈದುನ ಭಾವನನ್ನು ಇಳಿಸಿ ತಾನೂ ತಲೆ ತಗ್ಗಿಸಿ ನಿಂತ. ಅವನ ಬಾಲ್ಯದ ಕೆಲವು ವಿಷಯಗಳೂ ನಡುವೆ ಬಂದವು. ಆದರೆ ಸಾಹೇಬರು ಅತ್ತೆಯ ಕಡೆ ನೋಡುತ್ತಿರಲಿಲ್ಲ. ಅತ್ತೆಯ ಹಿಂದೆ, ಬೀರುವಿನ ಮೇಲೆ ನೋಡುತ್ತಿದ್ದರು.

ಅಲ್ಲಿ ಏನೂ ಇಲ್ಲದ ಜಾಗದಲ್ಲಿ ಮೊದಲು ಒಂದು ಜೊತೆ ಕಿವಿ ಮೂಡಿತು. ಮದುವೆ ಮಂಟಪದ ಕಥೆ ಮುಗಿಯುವಾಗ ಹೊಗೆಯಂತೆ ಇದ್ದದ್ದು, ಕೊಡೆಯ ಪ್ರಸಂಗಕ್ಕೆ ಮೈಗಟ್ಟಿತು. ಬಕೆಟ್ಟಿಗೆ ಹಸಿರು ಬಂತು. ಆಸ್ಪತ್ರೆಯ ಬೆಂಚು ಬಂದಾಗ ನೀಲಿಗೆ ನೀಲಿ, ಹಸಿರಿಗೆ ಹಸಿರು, ಅಂಥ ಬಣ್ಣದ ರೇಷ್ಮೆಯನ್ನು ನನ್ನ ಜನ್ಮದಲ್ಲಿ ನಾನು ಕತ್ತರಿಸಿಲ್ಲ. ಅದು ಕಣ್ಣು ಮುಚ್ಚಿಕೊಂಡು, ಕತ್ತು ಚಾಚಿ, ಒಂದೊಂದು ಮಾತಿಗೂ ಚಪ್ಪರಿಸುತ್ತಿತ್ತು.

'ತಿಂತಾ ಇದೆ!' ಅಂತ ಸಾಹೇಬರು ಕಿರುಚಿದರು. 'ಸಾರ್! ಗೊಣಗೋದನ್ನ ತಿಂತಾ ಇದೆ! ಇಪ್ಪತ್ತೆರಡು ವರ್ಷ ಸಾರ್! ಸೊಪ್ಪು ಕೊಟ್ಟು ಕೊಟ್ಟು ಸಾಯಿಸಿದ್ವಿ!'

ಅತ್ತೆ ತಿರುಗಿ ನೋಡಿದರು. ಕಪ್ಪು ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು. ಅದಕ್ಕೆ ನರೆತ ಮೀಸೆ ಇತ್ತು. ಗುಂಡು ಹೊಟ್ಟೆ ಇತ್ತು. ಬಾಲದ ಮೇಲೆ ಕೂತಿತ್ತು.

'ಇವಳಾ ಹಿರಿಯಳು?' ಅಂದರು.

'ಹೌದು ಅತ್ತೆ.'

'ಹಾಗಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?'

'ನಿಯಮ ಅತ್ತೆ.'

ಅಗಸ ಗುಂಪಿನ ಹಿಂದಿನಿಂದ ಮೆಲ್ಲಗೆ ಜಾರಿಕೊಂಡ. ಅಲ್ಲಿಗೆ ಎಲ್ಲ ಸುಖಾಂತವಾಗಬೇಕಿತ್ತು. ಆದರೆ ದೊಡ್ಡ ಸಾಹೇಬರು ಪೆಟ್ಟಿಗೆಯ ಬಾಗಿಲು ತೆರೆಯುತ್ತಾ, 'ಬಹಳ ಒಳ್ಳೇದಾಯ್ತು. ಹಾಕ್ರೀ ಒಳಗೆ. ಸೋಮವಾರ ಮಂತ್ರಿಗಳಿಗೆ ತೋರಿಸ್ಬೇಕು. ಆಹಾರದ್ದೇನು, ಈಯಮ್ಮನ ಮಾತು ಟೇಪ್ ಮಾಡ್ಕೊಂಡು ಹೋಗಿ ದಿನಕ್ಕೆ ಮೂರು ಸಲ ಹಾಕಿದ್ರಾಯ್ತು' ಅಂದರು.

ಸಾಹೇಬರು ಮಸುಕಿಯನ್ನು ನೋಡಿದರು. ಆಮೇಲೆ ಹೋಗಿ ಬೀರುವಿಗೆ ಬೆನ್ನು ಕೊಟ್ಟು ನಿಂತರು. ಒಂದು ಕಾಲಲ್ಲಿ ಹೆಂಡತಿಯ ಚಪ್ಪಲಿ ಇತ್ತು.

'ಇಲ್ಲ ಸಾರ್' ಅಂದರು.

'ಏನು ಇಲ್ಲ?'

'ಕೊಡಲ್ಲ ಸಾರ್. ಐದು ಮಸುಕಿ ಕೊಟ್ಟಿದೀನಿ. ಐದಕ್ಕೂ ನಾನೇ ಸಹಿ ಹಾಕಿದೀನಿ. ಟೇಪು ಗೀಪು ಎಲ್ಲ ಆಗಲ್ಲ. ಅದು ಬದುಕಿರೋದು ಇಲ್ಲಿ, ಅತ್ತೆಯವರ ಹತ್ರ. ಇಲ್ಲೇ ಇರಲಿ.'

'ನಿಮ್ಮ ಕೆಲಸ ಹೋಗುತ್ತೆ ಕಣ್ರೀ.'

'ಹೋಗ್ಲಿ ಸಾರ್. ಈ ಮಸುಕಿ ಹೋದ್ರೆ ಇನ್ನೊಂದು ಸಿಗಲ್ಲ.'

ಸಾಹೇಬರು ಯಾರಿಗಾದರೂ ಎದುರು ಮಾತಾಡಿದ್ದನ್ನು ನಾವು ಕಂಡದ್ದು ಅದೇ ಮೊದಲು. ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. ಅತ್ತೆ ಬಟ್ಟೆಯ ಗಂಟನ್ನು ಮಂಚದ ಮೇಲೆ ಎಸೆದು, ನೆಟ್ಟಗೆ ಹೋಗಿ ಅಳಿಯನ ಪಕ್ಕದಲ್ಲಿ ನಿಂತರು.

'ನೋಡಪ್ಪ ದೊಡ್ಡ ಸಾಹೇಬ' ಅಂದರು. ಅಳಿಯನಿಗೆ ಕೊಡುತ್ತಿದ್ದ ಬಹುವಚನ ಅವರಿಗೆ ಸಿಗಲಿಲ್ಲ. 'ಚಪ್ಪಲಿ ಕಾಲಲ್ಲಿ ಒಳಗೆ ಬಂದೆ. ನೀರು ಬೇಕಾ ಅಂತ ಕೇಳೋಕೂ ಬಿಡಲಿಲ್ಲ. ನೆಲ ಒರೆಸಿ ಹತ್ತು ನಿಮಿಷ ಆಗಿರಲಿಲ್ಲ. ನನ್ನನ್ನ ಟೇಪ್ ಮಾಡ್ತೀಯಾ? ಮಾಡು. ಎಲ್ಲಿಂದ ಶುರು ಮಾಡಲಿ, ನಿನ್ನ ಹೊಟ್ಟೆಯಿಂದಲಾ, ನಿನ್ನ ಬುದ್ಧಿಯಿಂದಲಾ?'

ಬುದ್ಧಿಯಿಂದ ಶುರುಮಾಡಿದರು. ಇಪ್ಪತ್ತು ನಿಮಿಷವಾದ ಮೇಲೆ ದೊಡ್ಡ ಸಾಹೇಬರು ಗೋಡೆಗೆ ಆನಿಸಿ ಕಾಗದ ಇಟ್ಟು, ಪ್ರಾಣಿಯನ್ನು ಅದರ ಸಹಜ ನೆಲೆಯಿಂದ ಕದಲಿಸತಕ್ಕದ್ದಲ್ಲ, ವೀಕ್ಷಕರೇ ಅದರ ಪಾಲಕರು, ಶ್ರೀಮತಿ ಅತ್ತೆಯವರು ಗೌರವ ಪೋಷಕಿ ಅಂತ ಆದೇಶ ಬರೆದು ಸಹಿ ಹಾಕಿದರು. ಮಸುಕಿಗೆ ಅಷ್ಟರಲ್ಲಿ ಹೊಟ್ಟೆ ಬಿರಿದು ತೇಗು ಬರುತ್ತಿತ್ತು. ಪಶುವೈದ್ಯರು ಅದರ ನಾಡಿ ನೋಡಿ, 'ಸ್ವಲ್ಪ ಕಡಿಮೆ ಕೊಡಿ' ಅಂದರು.

ಕಥೆ ಇಲ್ಲಿಗೆ ಮುಗಿಯಿತು ಅಂತ ನಾನೂ ಮೆಷಿನ್ನಿಗೆ ಎಣ್ಣೆ ಹಾಕಿ ಕೂತೆ. ಆದರೆ ಮನುಷ್ಯರಿಗೆ ಮರ್ಯಾದೆ ಕೊಟ್ಟರೆ ಆಗುವ ಅನಾಹುತ ಯಾರಿಗೂ ಹೊಳೆದಿರಲಿಲ್ಲ. ಗೌರವ ಪೋಷಕಿ ಅಂತ ಕಟ್ಟು ಹಾಕಿಸಿದ ಪ್ರಮಾಣಪತ್ರ ಗೋಡೆಗೆ ಬಂತು. ಮಸುಕಿ ನೋಡಲು ಬಂದವರೆಲ್ಲ ಅತ್ತೆಯ ಕಾಲಿಗೂ ಬೀಳತೊಡಗಿದರು. ಕಣ್ಣು ಪೂರ್ತಿ ವಾಸಿಯಾಗಿ ಲೋಕವೆಲ್ಲ ಸ್ವಚ್ಛವಾಗಿ ಕಂಡಿತು. ಅಳಿಯ ತನಗಾಗಿ ಕೆಲಸ ಬಿಡಲೂ ತಯಾರಾಗಿದ್ದ ಅಂತ ಬೇರೆ ಯಾರೋ ಆಕೆಯ ತಲೆಗೆ ತುಂಬಿದ್ದರು. ಎರಡು ತಿಂಗಳಲ್ಲಿ ಅತ್ತೆ ಪರಮ ಸಂತುಷ್ಟರಾದರು.

ಮಸುಕಿ ಮಸುಕಾಯಿತು.

ಆಮೇಲಿನ ಹದಿನೈದು ದಿನ ಆ ಮನೆಯವರು ಪಟ್ಟ ಪಾಡು ನಾಯಿಗೂ ಬೇಡ. ಸಾಹೇಬರು ಅತ್ತೆಗೆ ಒಂದು ಅಳತೆ ಚಿಕ್ಕದಾದ ಚಪ್ಪಲಿ ತಂದರು. 'ಕಾಲು ಗಟ್ಟಿಯಾಗಿ ಹಿಡ್ಕೊಂಡಿದೆ, ಜಾರೋ ಭಯ ಇಲ್ಲ' ಅಂದರು ಅತ್ತೆ. ಮಗಳು ಉಪ್ಪು ಎರಡು ಪಟ್ಟು ಸುರಿದಳು. 'ಇವತ್ತು ನಾಲಿಗೆಗೆ ರುಚಿ ಹತ್ತಿತು.' ನಲ್ಲಿ ತೊಟ್ಟಿಕ್ಕಲು ಬಿಟ್ಟರು. 'ಒಬ್ಬಳೇ ಇದ್ದಾಗ ಏನೋ ಜೊತೆಗಿದ್ದ ಹಾಗೆ.' ಕೊನೆಗೆ ಸಾಹೇಬರು ನನ್ನ ಹತ್ತಿರ ಬಂದು ಕೈ ಮುಗಿದರು. ಮೂವತ್ತು ವರ್ಷದ ಕಸುಬಿನಲ್ಲಿ ಮಾಡದ ಪಾಪ ಮಾಡಿದೆ. ಆಕೆಯ ರವಿಕೆಗೆ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಇಟ್ಟು ಹೊಲಿದುಕೊಟ್ಟೆ. ಅತ್ತೆ ಹಾಕಿಕೊಂಡು ಕನ್ನಡಿ ನೋಡಿ, 'ಒಂದು ಕೈ ಬೇಸಿಗೆಗೆ, ಒಂದು ಕೈ ಚಳಿಗೆ. ಎಷ್ಟು ಯೋಚನೆ ಮಾಡಿ ಹೊಲಿದಿದ್ದೀಯಪ್ಪ!' ಅಂತ ನನ್ನ ತಲೆ ಸವರಿದರು. ಆ ದಿನ ನಾನು ಊಟ ಮಾಡಲಿಲ್ಲ.

ಮಸುಕಿ ಗಾಜಾಯಿತು. ಬೀರುವಿನ ಮೇಲೆ ಎರಡು ಕಣ್ಣು ಮಾತ್ರ ಉಳಿದವು.

ಭಾನುವಾರ ಮಧ್ಯಾಹ್ನ ಸಾಹೇಬರು ಅತ್ತೆಯ ಎದುರು ನೆಲದ ಮೇಲೆ ಕೂತರು. ನಾನೂ ನಮ್ಮವಳೂ ಬಾಗಿಲಲ್ಲಿದ್ದೆವು. 'ಅತ್ತೆ, ನಿಮ್ಮ ಹತ್ರ ಸುಳ್ಳು ಹೇಳಲ್ಲ. ಚಪ್ಪಲಿ, ಉಪ್ಪು, ರವಿಕೆ ಎಲ್ಲ ಬೇಕು ಅಂತಾನೇ ಮಾಡಿದ್ದು. ನೀವು ಸುಖವಾಗಿದ್ರೆ ಅವಳು ಸಾಯ್ತಾಳೆ. ದಯವಿಟ್ಟು ಒಂದು ಸಲ ಬೈದುಬಿಡಿ.'

ಅತ್ತೆ ಬೀರುವಿನ ಮೇಲೆ ನೋಡಿದರು. ಆ ಎರಡು ಕಣ್ಣಿನ ಮೇಲೆ ಆಕೆಗೂ ಅಕ್ಕರೆ ಬೆಳೆದಿತ್ತು. ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, 'ನೀವು... ನೀವು ಕೆಟ್ಟವರು' ಅಂದರು.

ಕಣ್ಣುಗಳು ಒಮ್ಮೆ ಅತ್ತ ತಿರುಗಿದವು. ಮೂಸಿದ ಸದ್ದಾಯಿತು. ಮತ್ತೆ ಗೋಡೆಯ ಕಡೆ ಹೊರಳಿದವು.

'ಕಲಬೆರಕೆ ಆದ್ರೆ ತಿನ್ನಲ್ಲ ಅತ್ತೆ' ಅಂದರು ಸಾಹೇಬರು. 'ಮನಸ್ಸಿಂದ ಬರಬೇಕು.'

'ಮನಸ್ಸಲ್ಲಿ ಇಲ್ದೆ ಎಲ್ಲಿಂದ ತರಲಿ?'

'ಸ್ವಲ್ಪ ಹುಡುಕಿ ಅತ್ತೆ.'

ಅತ್ತೆ ಹುಡುಕಿದರು. ಕಣ್ಣು ಮುಚ್ಚಿ ಬಹಳ ಹೊತ್ತು ಹುಡುಕಿದರು. ಸಾಹೇಬರು ಮುಂದಕ್ಕೆ ಬಾಗಿ, 'ಸಿಕ್ತಾ? ಬಕೆಟ್ಟು ಜ್ಞಾಪಿಸ್ಕೊಳ್ಳಿ. ಮಂಚ? ನಾನು ಹೇಳಿಕೊಡಲಾ?' ಅಂತ ಪಿಸುಗುಟ್ಟತೊಡಗಿದರು. 'ಸ್ವಲ್ಪ ದನಿ ಏರಿಸಿ ಪ್ರಯತ್ನ ಪಡಿ. ಇಲ್ಲ, ಹಾಗಲ್ಲ, ಹುಬ್ಬು ಗಂಟು ಹಾಕ್ಕೊಂಡು...'

ಅತ್ತೆ ಫಟ್ಟನೆ ಕಣ್ಣು ಬಿಟ್ಟರು.

'ನನಗೆ ಗೊಣಗೋದನ್ನ ಹೇಳಿಕೊಡ್ತೀರಾ? ನನಗೆ? ಅಲ್ಲ, ಅರವತ್ತೊಂಬತ್ತು ವರ್ಷಕ್ಕೆ ಒಂದು ಸಲ, ಒಂದೇ ಒಂದು ಸಲ ನೆಮ್ಮದಿಯಾಗಿ ಕೂತಿದ್ದೆ. ಅದನ್ನೂ ನೋಡೋಕಾಗಲಿಲ್ಲ ನಿಮಗೆ! ಹನ್ನೊಂದು ವರ್ಷ ಬೈದಾಗ ಗೋಡೆ ನೋಡ್ತಾ ನಿಂತಿದ್ರಿ. ಬಿಟ್ಟ ಮೇಲೆ ಬಂದು ಬೈಯಿ ಬೈಯಿ ಅಂತ ಕಾಲು ಹಿಡೀತೀರಾ! ಲೋಕದಲ್ಲಿ ಎಂಥೆಂಥ ಅಳಿಯಂದಿರಿದ್ದಾರೆ, ನೆಟ್ಟಗೆ ಬೈಸ್ಕೊಳ್ಳೋಕೂ ಬಾರದವರನ್ನ ಹುಡುಕಿ ತಂದು ಕೊಟ್ಟರಲ್ಲ ನನ್ನ ಮಗಳಿಗೆ...'

ಬೀರುವಿನ ಮೇಲೆ ಬಾಲದ ತುದಿ ನೀಲಿಯಾಯಿತು.

ಸಾಹೇಬರು ಪೆನ್ಸಿಲ್ಲಿಗೆ ಜೇಬು ತಡಕಿದರು, ಸಿಗಲಿಲ್ಲ. ಸುಮ್ಮನೆ ಕೈಕಟ್ಟಿ ಕೂತರು. ಅವರ ಮುಖ ಮೆಲ್ಲಗೆ ಅರಳುತ್ತಾ ಬಂತು. ಇಷ್ಟು ಸಂತೋಷದಿಂದ ಬೈಸಿಕೊಂಡ ಇನ್ನೊಬ್ಬ ಅಳಿಯನನ್ನು ನಾನು ಕಂಡಿಲ್ಲ.

'ನಗ್ತೀರಾ?' ಅಂದರು ಅತ್ತೆ. 'ಎದುರಿಗೆ ಕೂತ್ಕೊಂಡು ನಗ್ತೀರಾ?'

ಬಣ್ಣ ಸರಸರನೆ ಕತ್ತಿನವರೆಗೆ ಏರಿತು.